ಪುರಾತತ್ವಕ್ಕೆ ಪಶುವೈದ್ಯರೂ ಬೇಕು, ಗಾರೆಯವರೂ ಬೇಕು

ಹಾವೇರಿ ಜಿಲ್ಲೆಯ ಹಳ್ಳೂರು ತುಂಗಭದ್ರೆಯ ದಂಡೆಯ ಮೇಲಿರುವ ಊರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದಾಗ ಸಿಕ್ಕಿದ್ದು ಮಡಕೆ ಚೂರು, ಕಲ್ಲಿನ ಆಯುಧ, ಕಬ್ಬಿಣದ ತುಂಡು, ಇದ್ದಿಲು, ಜತೆಗೆ ಪ್ರಾಣಿಗಳ ಮೂಳೆ. ಆ ಮೂಳೆಗಳನ್ನು ಕೈಯಲ್ಲಿ ಹಿಡಿದು ಇದು ದನದ್ದು, ಇದು ಕುರಿಯದ್ದು ಎಂದು ಬೇರ್ಪಡಿಸುವ ವಿದ್ಯೆ ಇತಿಹಾಸದ ಎಂ.ಎ. ತರಗತಿಯಲ್ಲಿ ಸಿಗುವುದಿಲ್ಲ. ಆ ಕೆಲಸಕ್ಕೆ ಕೂತವರು ಪಶುವೈದ್ಯ ವಿಜ್ಞಾನ ಬಲ್ಲ ಕೆ.ಆರ್. ಆಲೂರ. ಅದರಲ್ಲಿ ಕುದುರೆಯ ಮೂಳೆಯೂ ಇದೆ ಎಂದು ಅವರು ವರದಿ ಬರೆದರು. ದಕ್ಷಿಣ ಭಾರತಕ್ಕೆ ಕುದುರೆ ಬಂದದ್ದು ಯಾವಾಗ ಎಂಬ ಚರ್ಚೆ ಅದರಿಂದ ಎದ್ದು ದಶಕಗಟ್ಟಲೆ ನಡೆಯಿತು. ಅದೇ ಅಗೆತದ ಇದ್ದಿಲನ್ನು ಭೌತವಿಜ್ಞಾನಿಗಳು ಕಾರ್ಬನ್-14 ಪರೀಕ್ಷೆಗೆ ಒಳಪಡಿಸಿದಾಗ, ಇಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಗಿ ನಿಂತಿತು.

ಒಂದು ಊರಿನ ಕಥೆ ಹೊರಬರಲು ಇಷ್ಟು ಬಗೆಯ ಓದಿನವರು ಬೇಕಾದರು. ಆದರೆ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಮನೆಯಲ್ಲಿ ‘ಪುರಾತತ್ವ’ ಎಂದರೆ ಬರುವ ಮೊದಲ ಪ್ರಶ್ನೆ, ‘ಹಿಸ್ಟರಿ ಓದಿ ಏನು ಮಾಡ್ತೀಯಮ್ಮ?’ ಆ ಪ್ರಶ್ನೆಗೆ ನೇರ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಪರಂಪರೆಯ ಕೆಲಸಕ್ಕೆ ಇತಿಹಾಸ ಒಂದೇ ಬಾಗಿಲಲ್ಲ. ನೀವು ಏನು ಓದುತ್ತಿದ್ದರೂ ಒಳಬರಲು ಒಂದು ದಾರಿ ಇದೆ. ಆದರೆ ನಿಮ್ಮ ದಾರಿ ಯಾವುದು, ಅದು ಎಷ್ಟು ದೂರದ್ದು, ಕೊನೆಗೆ ಎಷ್ಟು ಹುದ್ದೆಗಳಿವೆ ಎಂಬುದನ್ನು ಮೊದಲೇ ತಿಳಿದು ಕಾಲಿಡಬೇಕು.

ಅಗೆಯುವುದು ಕಡಿಮೆ, ಬರೆಯುವುದು ಹೆಚ್ಚು

ಉತ್ಖನನ ಎಂದರೆ ಗುಂಡಿ ತೋಡುವುದಲ್ಲ. ಮೊದಲು ಜಾಗವನ್ನು ಚೌಕಗಳಾಗಿ ಗುರುತಿಸುತ್ತಾರೆ. ಚೌಕಗಳ ನಡುವೆ ಅಗೆಯದೆ ಗೋಡೆಯಂತೆ ಮಣ್ಣನ್ನು ಉಳಿಸುತ್ತಾರೆ. ಮಣ್ಣಿನ ಬಣ್ಣ, ಗಟ್ಟಿತನ ಬದಲಾದಲ್ಲೆಲ್ಲ ಒಂದು ಪದರ ಮುಗಿದು ಇನ್ನೊಂದು ಶುರುವಾಯಿತು ಎಂದು ಲೆಕ್ಕ. ಆ ಉಳಿಸಿದ ಗೋಡೆಯಲ್ಲಿ ಎಲ್ಲ ಪದರಗಳೂ ಕಣ್ಣಿಗೆ ಕಾಣುತ್ತವೆ. ಕರಣೆ, ಕುಂಚ, ಅಳತೆಪಟ್ಟಿ, ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ, ಕ್ಯಾಮೆರಾ, ಇವು ದಿನನಿತ್ಯದ ಸಲಕರಣೆಗಳು. ಸಿಕ್ಕ ಪ್ರತಿ ಚೂರಿಗೂ ಯಾವ ಚೌಕ, ಯಾವ ಪದರ, ಎಷ್ಟು ಆಳ ಎಂಬ ಚೀಟಿ ಬೀಳಬೇಕು. ಚೀಟಿ ಇಲ್ಲದ ಚೂರು ಎಷ್ಟೇ ಚೆಂದವಿದ್ದರೂ ಕೆಲಸಕ್ಕೆ ಬಾರದು.

ಇಷ್ಟು ಶಿಸ್ತು ಯಾಕೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ನೋಡಬೇಕು. ಮೊಳಕಾಲ್ಮೂರು ತಾಲ್ಲೂಕಿನ ಈ ಜಾಗದಲ್ಲಿ ಅಶೋಕನ ಶಾಸನವಿದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಇಲ್ಲಿ ಅಗೆದಿದ್ದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬಂದರು. ಎರಡು ವರ್ಷ ಮುಂಚೆ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅವರಿಗೆ ರೋಮ್ ಸಾಮ್ರಾಜ್ಯದಿಂದ ಬಂದ ಮಡಕೆ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ಯುರೋಪಿನಲ್ಲಿ ಆಗಲೇ ಗೊತ್ತಿತ್ತು: ಕ್ರಿ.ಶ. ಮೊದಲ ಶತಮಾನದ ಆರಂಭ. ಅವುಗಳ ಜತೆಯಲ್ಲೇ ಒಳತಳದಲ್ಲಿ ಚುಕ್ಕೆಗೀರಿನ ಬಳೆಗಳಿರುವ ನುಣುಪು ತಟ್ಟೆಗಳೂ ಸಿಕ್ಕಿದ್ದವು. ಅದೇ ಬಗೆಯ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಕಂಡಾಗ ಆ ಪದರದ ಕಾಲ ತಿಳಿಯಿತು. ಅದರ ಕೆಳಗೆ ಕಬ್ಬಿಣ ಬಳಸಿ, ಸತ್ತವರಿಗೆ ದೊಡ್ಡ ಕಲ್ಲುಗಳ ಗೋರಿ ಕಟ್ಟುತ್ತಿದ್ದವರ ಪದರ. ಅದಕ್ಕೂ ಕೆಳಗೆ ಉಜ್ಜಿ ನಯ ಮಾಡಿದ ಕಲ್ಲುಗೊಡಲಿಯವರು. ತಟ್ಟೆಯ ಒಂದು ಚೂರಿನಿಂದ ಮೂರು ಕಾಲಗಳ ಸರಣಿ ಕಟ್ಟಲು ಸಾಧ್ಯವಾದದ್ದು ಪದರದ ಲೆಕ್ಕ ಸರಿಯಾಗಿದ್ದರಿಂದ. ವೀಲರ್ ಕಬ್ಬಿಣದ ಜನರಿಗೆ ಕೊಟ್ಟ ಕಾಲವನ್ನು ಹಳ್ಳೂರಿನ ಇದ್ದಿಲು ಆಮೇಲೆ ಬಹಳ ಹಿಂದಕ್ಕೆ ತಳ್ಳಿತು. ಪದರಗಳ ಕ್ರಮ ಮಾತ್ರ ಹಾಗೇ ನಿಂತಿತು.

ಉತ್ಖನನದ ಒಂದು ಹಂಗಾಮಿನ ಹಿಂದೆ ಚೂರು ತೊಳೆಯುವುದು, ವಿಂಗಡಿಸುವುದು, ಚಿತ್ರ ಬರೆಯುವುದು, ಪರೀಕ್ಷೆಗೆ ಕಳಿಸುವುದು, ವರದಿ ಬರೆಯುವುದು ಎಂದು ಅದರ ಎಷ್ಟೋ ಪಟ್ಟು ಮೇಜಿನ ಕೆಲಸವಿರುತ್ತದೆ. ಬಿಸಿಲಲ್ಲಿ ನಿಲ್ಲುವ ಮೈ ಇದ್ದು, ಕೂತು ಬರೆಯುವ ತಾಳ್ಮೆ ಇಲ್ಲದವರಿಗೆ ಈ ವೃತ್ತಿ ಒಗ್ಗುವುದಿಲ್ಲ.

ನೀವು ಓದುತ್ತಿರುವುದು ಇಲ್ಲಿ ಎಲ್ಲಿ ಕೂರುತ್ತದೆ?

ಸಸ್ಯಶಾಸ್ತ್ರ ಓದುತ್ತಿದ್ದೀರಾ? ಹಳೆಯ ಒಲೆಯ ಬೂದಿಮಣ್ಣನ್ನು ಬಕೆಟ್ ನೀರಿಗೆ ಹಾಕಿ ಮೆಲ್ಲಗೆ ಕಲಕಿದರೆ ಮಣ್ಣು ತಳ ಸೇರುತ್ತದೆ, ಸುಟ್ಟು ಕರಕಾದ ಕಾಳುಗಳು ಹಗುರವಾಗಿ ಮೇಲೆ ತೇಲುತ್ತವೆ. ಸಣ್ಣ ಜಾಲರಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಮನೆಯವರು ಏನು ಉಣ್ಣುತ್ತಿದ್ದರು ಎಂಬುದು ಗೊತ್ತಾಗುತ್ತದೆ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ಜಾಗಗಳಲ್ಲಿ ಹೀಗೆ ಸಿಕ್ಕ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಅಕ್ಕಿ, ಗೋಧಿಯ ಕಥೆಗಿಂತ ಬೇರೆಯಾದ ದಕ್ಷಿಣದ ಬೇಸಾಯದ ಕಥೆಯೊಂದು ಈ ಕಾಳುಗಳಿಂದ ಹೊರಬಂತು. ಕೊರಲೆಯನ್ನು ಹೊಲದಲ್ಲಿ ಕಂಡ ರೈತರ ಮಕ್ಕಳಿಗೆ ಇಲ್ಲಿ ಒಂದು ಹೆಜ್ಜೆ ಮುಂದಿನ ಅನುಕೂಲವಿದೆ.

ಭೂವಿಜ್ಞಾನವೇ? ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾದದ್ದೇ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರಿಂದ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಅವರು ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದರು. ಮುಂದೆ ಕರ್ನಾಟಕದ ಬಯಲುಗಳಲ್ಲೂ ಅಂಥ ಎಷ್ಟೋ ಜಾಗಗಳನ್ನು ಪತ್ತೆಹಚ್ಚಿದರು. ಬಳ್ಳಾರಿ ಜಿಲ್ಲೆಯ ಕುಡತಿನಿಯ ಬೂದಿಗುಡ್ಡವನ್ನು ಜನ ರಾಕ್ಷಸನನ್ನು ಸುಟ್ಟ ಜಾಗ ಎನ್ನುತ್ತಿದ್ದರು. ಇಂಥ ಬೂದಿ ದನದ ಸಗಣಿಯದು ಎಂಬ ಊಹೆಯನ್ನು ಫೂಟ್ ಮುಂದಿಟ್ಟರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್.ಆರ್. ಆಲ್ಚಿನ್ ಅಗೆದಾಗ ದನದ ದೊಡ್ಡಿಯ ಕಂಬದ ಗುಳಿಗಳೂ ಗೊರಸಿನ ಅಚ್ಚುಗಳೂ ಸಿಕ್ಕು ಆ ಊಹೆ ಗಟ್ಟಿಯಾಯಿತು.

ರಸಾಯನಶಾಸ್ತ್ರದವರಿಗೆ ಕಲ್ಲು, ಲೋಹ, ಭಿತ್ತಿಚಿತ್ರಗಳ ಸಂರಕ್ಷಣೆ. ಭೌತಶಾಸ್ತ್ರದವರಿಗೆ ಕಾಲನಿರ್ಣಯ: ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5,730 ವರ್ಷ ಎಂಬ ಪಿಯುಸಿ ಪಾಠ ಇಲ್ಲಿ ಹೊಟ್ಟೆಪಾಡಿನ ವಿದ್ಯೆ. ಲೋಹಶಾಸ್ತ್ರದವರು ಹಳೆಯ ಉಕ್ಕು, ಕಂಚನ್ನು ಪರಿಶೀಲಿಸುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಶಾರದಾ ಶ್ರೀನಿವಾಸನ್ ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದ್ದಾರೆ. ಕಂಪ್ಯೂಟರ್ ಬಲ್ಲವರಿಗೆ ಜಿಐಎಸ್ ನಕ್ಷೆ, ಡ್ರೋನ್ ಚಿತ್ರ, 3ಡಿ ಸ್ಕ್ಯಾನಿಂಗ್. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಕಲ್ಲುಗಳನ್ನು 3ಡಿಯಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ನಡೆಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಅಲ್ಲಿ ಪರದೆಯ ಮೇಲೆ ಎದ್ದು ಬರುತ್ತವೆ.

ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ, ನಗರ ಯೋಜನೆ ಓದಿದವರ ಕೊರತೆ ಹಂಪಿಯಲ್ಲಿ ಎದ್ದು ಕಂಡಿತ್ತು. ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಹಂಪಿಯನ್ನು ‘ಅಪಾಯದಲ್ಲಿರುವ ಪರಂಪರೆ’ ಪಟ್ಟಿಗೆ ಸೇರಿಸಿತು. ಅಲ್ಲಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ರಸ್ತೆ, ಸೇತುವೆ, ಹೋಟೆಲು ಎಲ್ಲಿ ಬರಬೇಕು ಎಂದು ಸ್ಮಾರಕದ ಮರ್ಯಾದೆ ಬಲ್ಲವರು ಮೊದಲೇ ಹೇಳಬೇಕು.

ಕನ್ನಡ ಓದಿದವರ ಕೈಯಲ್ಲಿರುವ ಬಂಡವಾಳ

ಕನ್ನಡ, ಸಂಸ್ಕೃತ ಓದಿದವರಿಗೆ ಶಾಸನಶಾಸ್ತ್ರ ತೆರೆದಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು 1886ರಿಂದ 1905ರ ನಡುವೆ ಬಂದವು, ಅವರ ನಂತರ ಆರ್. ನರಸಿಂಹಾಚಾರ್ಯರು ಆ ಕೆಲಸವನ್ನು ಮುಂದುವರಿಸಿದರು. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲೇ. ಇಷ್ಟು ಹತ್ತಿರವಿದ್ದೂ ಹಳಗನ್ನಡ ಲಿಪಿಯನ್ನು ಕಲ್ಲಿನ ಮೇಲೆ ನೇರವಾಗಿ ಓದಬಲ್ಲ ಯುವಕರು ಕಡಿಮೆ.

ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಲ್ಲನ್ನು ನೀರು ಹಾಕಿ ಮೆತ್ತಗಿನ ಬ್ರಷ್‌ನಿಂದ ತೊಳೆಯುತ್ತಾರೆ. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಕೂದಲಿನ ಬ್ರಷ್‌ನಿಂದ ಸಮನಾಗಿ ಬಡಿಯುತ್ತಾರೆ. ಕಾಗದ ಅಕ್ಷರದ ಗುಳಿಗಳೊಳಗೆ ಇಳಿದು ಕೂರುತ್ತದೆ. ನೀರು ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ಹಚ್ಚಿ ಮೇಲಿಂದ ಮೇಲೆ ತಟ್ಟುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಗುಳಿಯಲ್ಲಿಳಿದ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ಹೆಚ್ಚಾದರೆ ಅಕ್ಷರ ಮುಚ್ಚಿಹೋಗುತ್ತದೆ, ಬಡಿತ ಜೋರಾದರೆ ಕಾಗದ ಹರಿಯುತ್ತದೆ. ಕೈಗೆ ಹದ ಹತ್ತಲು ಹತ್ತಾರು ಕಲ್ಲು ಬೇಕು.

ಕಲಿಯಲು ದಾರಿಗಳಿವೆ. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ. ಹಸ್ತಪ್ರತಿಯ ಕಡೆ ಒಲವಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ನೋಡಿ ಬನ್ನಿ. ಕೌಟಿಲ್ಯನ ‘ಅರ್ಥಶಾಸ್ತ್ರ’ದ ಓಲೆಗರಿ ಪ್ರತಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದದ್ದು ಆ ಸಂಸ್ಥೆಯಿಂದಲೇ. ಶಾಸನದ ದಾರಿ ಹಿಡಿಯುವವರು ಹಳಗನ್ನಡದ ಜತೆ ಸಂಸ್ಕೃತ ಕಲಿಯಲೇಬೇಕು. ಕೋಲಾರದ ಕಡೆ ಕೆಲಸವಾದರೆ ತಮಿಳು ಲಿಪಿ, ಅಶೋಕನ ಕಾಲಕ್ಕೆ ಹೋಗುವುದಾದರೆ ಬ್ರಾಹ್ಮಿ ಮತ್ತು ಪ್ರಾಕೃತ.

ಉಳಿಸುವ ಕಸುಬು

ಸಂರಕ್ಷಣೆ ಎಂದರೆ ಹಳೆಯದನ್ನು ಹೊಸದಾಗಿಸುವುದು ಎಂಬ ತಪ್ಪು ತಿಳಿವಳಿಕೆಯಿಂದ ನಮ್ಮ ಊರುಗಳ ಗುಡಿಗಳು ಹೆಚ್ಚು ಹಾಳಾಗಿವೆ. ಒಳ್ಳೆಯ ಮನಸ್ಸಿನಿಂದಲೇ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ, ಬಿರುಕಿಗೆ ಸಿಮೆಂಟ್ ತುಂಬುತ್ತಾರೆ, ನೆಲಕ್ಕೆ ಟೈಲ್ಸ್ ಹಾಸುತ್ತಾರೆ. ಹಳೆಯ ಗೋಡೆ ಮಳೆಗಾಲದಲ್ಲಿ ಕುಡಿದ ತೇವವನ್ನು ಬೇಸಿಗೆಯಲ್ಲಿ ಸುಣ್ಣದ ಗಾರೆಯ ಮೂಲಕ ಹೊರಹಾಕುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಪಕ್ಕದ ಕಲ್ಲಿನ ಮೂಲಕ ಹೊರಬರುವಾಗ ಜತೆಗೆ ತಂದ ಉಪ್ಪು ಅಲ್ಲೇ ಹರಳುಗಟ್ಟಿ, ಕಲ್ಲಿನ ಮೇಲ್ಪದರ ಹೊಪ್ಪಳೆಯಾಗಿ ಉದುರುತ್ತದೆ. ಐದು ವರ್ಷ ಚೆನ್ನಾಗಿ ಕಂಡ ದುರಸ್ತಿ, ಶಿಲ್ಪದ ಮುಖವನ್ನೇ ತಿಂದುಹಾಕುತ್ತದೆ.

ಹಾಗಾಗಿ ಸುಣ್ಣ ಅರಳಿಸಿ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು ಹದವಾಗಿ ಕಲಸಿ ಗಾರೆ ಅರೆಯುವವರು ಈ ವಲಯಕ್ಕೆ ಎಂಜಿನಿಯರಿನಷ್ಟೇ ಮುಖ್ಯ. ಮಾಡಿದ ಕೆಲಸವನ್ನು ಮುಂದಿನವರು ಬಿಚ್ಚಲು ಸಾಧ್ಯವಿರಬೇಕು, ಅಗತ್ಯಕ್ಕಿಂತ ಹೆಚ್ಚು ಮುಟ್ಟಬಾರದು ಎಂಬುದು ಸಂರಕ್ಷಣೆಯ ಮೂಲ ನಿಯಮ. ಜಾನ್ ಮಾರ್ಷಲ್ ಅವರ 1923ರ ಸಂರಕ್ಷಣಾ ಕೈಪಿಡಿ, 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ಎರಡನ್ನೂ ಈ ವೃತ್ತಿಗೆ ಬರುವವರು ಓದಲೇಬೇಕು.

ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವರಿಗೂ ಇಲ್ಲಿ ಜಾಗವಿದೆ. ಕಾರ್ಕಳದ ಮಿಯಾರಿನಲ್ಲಿರುವ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಶಿಲ್ಪಕಲೆ ಕಲಿಸುತ್ತಾರೆ. ಹಳೆಯ ದೇಗುಲಗಳ ಜೀರ್ಣೋದ್ಧಾರದಲ್ಲಿ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯ ಸರ್ಕಾರದ ಜತೆಗೂಡಿ ಕೆಲಸ ಮಾಡುತ್ತ ಬಂದಿದೆ. ಇಂಥ ಕಡೆಗಳಲ್ಲಿ ಪಳಗಿದ ಶಿಲ್ಪಿ, ಗಾರೆಯವರಿಗೆ ಬೇಡಿಕೆ ಇದ್ದೇ ಇದೆ. ಐಟಿಐಯಲ್ಲಿ ನಕ್ಷೆಗಾರಿಕೆ, ಸರ್ವೆ ಕಲಿತವರಿಗೆ, ಛಾಯಾಗ್ರಹಣ ಬಲ್ಲವರಿಗೆ ಪುರಾತತ್ವ ಇಲಾಖೆಗಳಲ್ಲಿ ಅದೇ ಹೆಸರಿನ ಹುದ್ದೆಗಳಿವೆ.

ಓದಿನ ಮೆಟ್ಟಿಲು

*ಪಿಯುಸಿ ನಂತರ:* ಪದವಿ ಮಟ್ಟದಲ್ಲಿ ಪುರಾತತ್ವವೇ ಬೇಕೆಂದು ಹಟ ಹಿಡಿಯಬೇಕಿಲ್ಲ. ಇತಿಹಾಸವಿರುವ ಬಿ.ಎ., ಭೂವಿಜ್ಞಾನ ಅಥವಾ ಜೀವವಿಜ್ಞಾನದ ಬಿ.ಎಸ್ಸಿ., ಬಿ.ಆರ್ಕ್., ದೃಶ್ಯಕಲೆಯ ಪದವಿ, ಯಾವುದಾದರೂ ಒಂದನ್ನು ಗಟ್ಟಿಯಾಗಿ ಓದಿ. ವಿಜ್ಞಾನಕ್ಕೆ ಸೇರುವ ಅವಕಾಶವಿದ್ದು ಪುರಾತತ್ವದ ಆಸೆಯಿಂದ ಅದನ್ನು ಬಿಡಲು ಹೊರಟಿದ್ದರೆ ಮತ್ತೊಮ್ಮೆ ಯೋಚಿಸಿ. ಪ್ರಯೋಗಾಲಯ ಬಲ್ಲ ಪುರಾತತ್ವಜ್ಞರ ಬೇಡಿಕೆ ಹೆಚ್ಚುತ್ತಿದೆ.

*ಪದವಿ ನಂತರ:* ಮೈಸೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ವದ ಅಧ್ಯಯನಕ್ಕೆ ಅವಕಾಶವಿದೆ. ಹೊರ ರಾಜ್ಯಕ್ಕೆ ಹೋಗಲು ಸಿದ್ಧರಿದ್ದರೆ ಪುಣೆಯ ಡೆಕ್ಕನ್ ಕಾಲೇಜು ಮೊದಲ ಹೆಸರು. ಅಲ್ಲಿ ಮೂಳೆ, ಬೀಜ, ಮಣ್ಣು ಒಂದೊಂದಕ್ಕೂ ಪ್ರತ್ಯೇಕ ಪರಿಣತಿ ಇದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಶಿಲಾಯುಗವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಕೆ. ಪದ್ದಯ್ಯ ಅಲ್ಲಿನವರೇ. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ, ಐಐಟಿ ಗಾಂಧಿನಗರದ ಪುರಾತತ್ವ ವಿಜ್ಞಾನ ಕೇಂದ್ರವೂ ಗಮನದಲ್ಲಿರಲಿ. ವಸ್ತುಸಂಗ್ರಹಾಲಯ, ಕಲಾ ಇತಿಹಾಸ, ಸಂರಕ್ಷಣೆಯ ಎಂ.ಎ. ಬೇಕಿದ್ದರೆ ನೊಯ್ಡಾದ ಭಾರತೀಯ ಪರಂಪರೆ ಸಂಸ್ಥೆ. ಕಟ್ಟಡ ಸಂರಕ್ಷಣೆಗೆ ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ.

*ಸ್ನಾತಕೋತ್ತರದ ನಂತರ:* ಗ್ರೇಟರ್ ನೊಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ವ ಸಂಸ್ಥೆಯ ಎರಡು ವರ್ಷದ ಡಿಪ್ಲೊಮಾ. ಸೀಟು ಬಹಳ ಕಡಿಮೆ, ವಿದ್ಯಾರ್ಥಿವೇತನವಿದೆ. ಉತ್ಖನನದಿಂದ ಕಾನೂನಿನವರೆಗೆ ಎಲ್ಲವನ್ನೂ ಸರ್ವೇಕ್ಷಣೆಯ ಅಧಿಕಾರಿಗಳ ಕೈಕೆಳಗೆ ಕಲಿಯುವ ಅವಕಾಶ ಇದು. ಸಂಶೋಧನೆಯ ಕಡೆ ಹೋಗುವವರಿಗೆ ಯುಜಿಸಿ ನೆಟ್‌ನಲ್ಲಿ ‘ಪುರಾತತ್ವ’ ಮತ್ತು ‘ವಸ್ತುಸಂಗ್ರಹಾಲಯಶಾಸ್ತ್ರ ಮತ್ತು ಸಂರಕ್ಷಣೆ’ ಪ್ರತ್ಯೇಕ ವಿಷಯಗಳಾಗಿವೆ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಎಂ.ಎ. ಮುಗಿಯುವ ಹೊತ್ತಿಗೆ ಇಂಗ್ಲಿಷಿನ ಉತ್ಖನನ ವರದಿಯನ್ನು ನಿಘಂಟಿಲ್ಲದೆ ಓದುವಂತಾಗಬೇಕು. ಸಂದರ್ಶನ, ಪ್ರಬಂಧ ಎರಡಕ್ಕೂ ಅದು ಬೇಕು. ಅದಕ್ಕೆ ಪ್ರತಿಯಾಗಿ, ಊರ ಹಿರಿಯರ ಬಾಯಿಂದ ಮಾಹಿತಿ ಹೊರಡಿಸುವ ಮಾತು ನಿಮ್ಮಲ್ಲಿದೆ. ಕ್ಷೇತ್ರಕಾರ್ಯದಲ್ಲಿ ಅರ್ಧ ಕೆಲಸ ಆಗುವುದು ಅದರಿಂದಲೇ.

ಕೆಲಸ ಎಲ್ಲಿ, ಸಂಬಳ ಎಷ್ಟು

1861ರಲ್ಲಿ ಶುರುವಾದ ಭಾರತೀಯ ಪುರಾತತ್ವ ಸರ್ವೇಕ್ಷಣೆ ದೊಡ್ಡ ಉದ್ಯೋಗದಾತ. ಕರ್ನಾಟಕದಲ್ಲೇ ಅದರ ರಕ್ಷಣೆಯಲ್ಲಿ 500ಕ್ಕೂ ಹೆಚ್ಚು ಸ್ಮಾರಕಗಳಿವೆ. ಬೆಂಗಳೂರು, ಧಾರವಾಡ, ಹಂಪಿಯಲ್ಲಿ ವೃತ್ತ ಕಚೇರಿಗಳಿವೆ. ಉಪ ಅಧೀಕ್ಷಕ ಪುರಾತತ್ವಜ್ಞ, ಉಪ ಅಧೀಕ್ಷಕ ಶಾಸನತಜ್ಞ ಮುಂತಾದ ಹುದ್ದೆಗಳಿಗೆ ಯುಪಿಎಸ್‌ಸಿ ನೇಮಕ ಮಾಡುತ್ತದೆ. ಪುರಾತತ್ವಜ್ಞರ ಈ ಹುದ್ದೆ 7ನೇ ವೇತನ ಆಯೋಗದ 10ನೇ ಹಂತದ್ದು. ಆರಂಭಿಕ ಮೂಲ ವೇತನ 56,100 ರೂಪಾಯಿ. ರಾಜ್ಯದಲ್ಲಿ ಮೈಸೂರು ಕೇಂದ್ರವಾಗಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಹುದ್ದೆಗಳಿಗೆ ಕೆಪಿಎಸ್‌ಸಿ ಅಧಿಸೂಚನೆಯ ಮೇಲೆ ಕಣ್ಣಿಡಬೇಕು. ನೆಟ್‌ನಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಸಂಶೋಧನೆಯ ಮೊದಲ ಹಂತದಲ್ಲಿ ತಿಂಗಳಿಗೆ 37,000 ರೂಪಾಯಿ.

ಸರ್ಕಾರದ ಹೊರಗೆ ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆ, ಖಾಸಗಿ ವಸ್ತುಸಂಗ್ರಹಾಲಯಗಳು, ಸಂರಕ್ಷಣಾ ವಾಸ್ತುಶಿಲ್ಪಿಗಳ ಕಚೇರಿಗಳು, ಗ್ರಂಥಾಲಯ ಮತ್ತು ದಾಖಲೆಗಳ ಡಿಜಿಟಲೀಕರಣ, ಪರಂಪರೆಯ ನಡಿಗೆ, ಮಕ್ಕಳ ಪುಸ್ತಕ, ಸಾಕ್ಷ್ಯಚಿತ್ರ ಇವೆಲ್ಲ ಇವೆ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು-ಹಳೇಬೀಡು-ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಇಲ್ಲಿಗೆಲ್ಲ ಬರುವವರಿಗೆ ಸರಿಯಾದ ಕಥೆ ಹೇಳುವ ಪರವಾನಗಿ ಪಡೆದ ಮಾರ್ಗದರ್ಶಿಗಳೂ ಬೇಕು.

ಇನ್ನು ಕಹಿ ಮಾತು. ಕಾಯಂ ಹುದ್ದೆಗಳು ಕಡಿಮೆ, ಅಧಿಸೂಚನೆಗಳು ವರ್ಷವರ್ಷ ಬರುವುದಿಲ್ಲ. ಮೊದಲ ಕೆಲವು ವರ್ಷ ಯೋಜನೆಯಿಂದ ಯೋಜನೆಗೆ ಗುತ್ತಿಗೆಯ ಮೇಲೆ ಅಲೆಯಬೇಕಾಗಬಹುದು. ಆದ್ದರಿಂದ ಒಂದು ಕೈಕಸುಬು ಜತೆಗಿರಲಿ: ಜಿಐಎಸ್, ಕಟ್ಟಡದ ಅಳತೆ ನಕ್ಷೆ, ಕಾಗದ ಸಂರಕ್ಷಣೆ, ಛಾಯಾಗ್ರಹಣ, ಯಾವುದಾದರೂ ಸರಿ. ಗುತ್ತಿಗೆ ಮುಗಿದ ತಿಂಗಳಲ್ಲಿ ಅನ್ನ ಕೊಡುವುದು ಅದೇ. ಹೆಣ್ಣುಮಕ್ಕಳನ್ನು ಕ್ಯಾಂಪಿಗೆ ಕಳಿಸಲು ಹಿಂಜರಿಯುವ ಮನೆಯವರಿಗೆ ಒಂದು ಹೆಸರು: ದೇಬಲಾ ಮಿತ್ರ. 1980ರ ದಶಕದ ಆರಂಭದಲ್ಲೇ ಅವರು ಸರ್ವೇಕ್ಷಣೆಯ ಮಹಾನಿರ್ದೇಶಕಿಯಾಗಿದ್ದರು. ಆದರೂ ಕ್ಯಾಂಪಿಗೆ ಸೇರುವ ಮುನ್ನ ವಸತಿ, ಶೌಚಾಲಯ, ಜತೆಗಿರುವವರ ವಿವರ ಕೇಳಿ ತಿಳಿದುಕೊಳ್ಳುವುದು ನಿಮ್ಮ ಹಕ್ಕು.

ಕಾಲೇಜಿನಲ್ಲಿದ್ದಾಗಲೇ ಮಾಡಬಹುದಾದ ಅಭ್ಯಾಸ

ಈ ವೃತ್ತಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಎಂ.ಎ.ವರೆಗೆ ಕಾಯಬೇಕಿಲ್ಲ. ಹೀಗೆ ಮಾಡಿ ನೋಡಿ.

1. ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ಮೈಸೂರು ವಿಶ್ವವಿದ್ಯಾಲಯ ಅದರ ಪರಿಷ್ಕೃತ ಸಂಪುಟಗಳನ್ನೂ ತಂದಿದೆ. ಉತ್ತರ ಕರ್ನಾಟಕದವರು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮತ್ತು ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳನ್ನು ಹುಡುಕಬೇಕು. ನಿಮ್ಮ ಊರಿನದೋ ಪಕ್ಕದೂರಿನದೋ ಒಂದು ಶಾಸನ ಆರಿಸಿಕೊಳ್ಳಿ.

2. ಆ ಕಲ್ಲು ಇಂದು ಎಲ್ಲಿದೆ ಎಂದು ಹುಡುಕಿ ಹೋಗಿ. ಸಂಪುಟದಲ್ಲಿ ‘ಕೆರೆ ಏರಿಯ ಬಳಿ’ ಎಂದಿರುತ್ತದೆ. ಹೋಗಿ ನೋಡಿದರೆ ಏರಿ ರಸ್ತೆಯಾಗಿರುತ್ತದೆ, ಕಲ್ಲು ಚರಂಡಿಯ ಚಪ್ಪಡಿಯಾಗಿರುತ್ತದೆ. ಇಂಥದ್ದು ನಡೆಯದ ಜಾಗವಿಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಬಂಡೆಯೇ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲಷ್ಟೇ ಅದು ಬೆಳಕಿಗೆ ಬಂತು. ಸಮೀಪದ ಕನಗನಹಳ್ಳಿಯಲ್ಲಿ ಮುಂದೆ ನಡೆದ ಉತ್ಖನನದಲ್ಲಿ ‘ರಾಯೊ ಅಸೋಕೊ’ ಎಂದು ಬರೆದಿರುವ ಶಿಲ್ಪಫಲಕವೇ ಸಿಕ್ಕಿತು.

3. ಕಲ್ಲು ಸಿಕ್ಕರೆ ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ಫೋಟೊ ತೆಗೆಯಿರಿ. ನಡುಹಗಲಲ್ಲಿ ಮಾಯವಾಗುವ ಅಕ್ಷರ ಆಗ ನೆರಳಿನಿಂದ ಎದ್ದು ಕಾಣುತ್ತದೆ. ಫೋಟೊದಲ್ಲಿ ಅಳತೆಪಟ್ಟಿ ಇರಲಿ. ಎತ್ತರ, ಅಗಲ, ದಿಕ್ಕು, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ ಬರೆದುಕೊಳ್ಳಿ.

4. ವೀರಗಲ್ಲಾದರೆ ಕೆಳಗಿನ ಪಟ್ಟಿಕೆಯಿಂದ ಓದುತ್ತ ಹೋಗಿ: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಬಳೆ ತೊಟ್ಟ ಎತ್ತಿದ ತೋಳು ಕಂಡರೆ ಅದು ಮಾಸ್ತಿಕಲ್ಲು.

5. ಎಣ್ಣೆ, ಸುಣ್ಣ, ಬಣ್ಣ, ಆಸಿಡ್ ಏನನ್ನೂ ಹಚ್ಚಬೇಡಿ. ತಂತಿಯ ಬ್ರಷ್‌ನಿಂದ ಉಜ್ಜಬೇಡಿ. ಕಲ್ಲನ್ನು ಸರಿಸಬೇಡಿ. ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಯಾವಾಗ ಪೂಜೆ ಮಾಡುತ್ತಾರೆ ಎಂಬುದನ್ನೂ ಬರೆದುಕೊಳ್ಳಿ.

6. ಇದೆಲ್ಲವನ್ನೂ ಎರಡು ಪುಟದ ಟಿಪ್ಪಣಿ ಮಾಡಿ, ಹತ್ತಿರದ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗಕ್ಕೋ ಜಿಲ್ಲಾ ವಸ್ತುಸಂಗ್ರಹಾಲಯಕ್ಕೋ ತಲುಪಿಸಿ. ಮುಂದೆ ಎಂ.ಎ. ಸೇರುವಾಗ, ಉತ್ಖನನದಲ್ಲಿ ಸ್ವಯಂಸೇವೆಗೆ ಅವಕಾಶ ಕೇಳುವಾಗ, ಅಂಕಪಟ್ಟಿಯ ಜತೆ ತೋರಿಸಲು ಅದೊಂದು ಗಟ್ಟಿ ದಾಖಲೆ.

ಗುದ್ದಲಿ ಮುಟ್ಟುವ ಮುನ್ನ ಕಾನೂನು

ಆಸಕ್ತಿ ಇದೆ ಎಂದು ದಿಬ್ಬ ಅಗೆಯುವಂತಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಪುರಾತತ್ವ ಉದ್ದೇಶದ ಉತ್ಖನನಕ್ಕೆ ರಾಜ್ಯ ಸರ್ಕಾರವೂ ಕೇಂದ್ರದ ಅನುಮತಿ ಪಡೆಯಬೇಕು. 2010ರ ತಿದ್ದುಪಡಿಯ ನಂತರ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಪಾಯ ತೆಗೆಯುವಾಗ, ಉಳುವಾಗ ನಾಣ್ಯ, ಒಡವೆ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನೂರು ವರ್ಷ ದಾಟಿದ ಶಿಲ್ಪ, ನಾಣ್ಯಗಳು ಹಾಗೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಕಾಯ್ದೆಯಡಿ ಪ್ರಾಚೀನ ವಸ್ತುಗಳು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ನಿಧಿಯಾಸೆಗೆ ಬಿದ್ದವರು ನಂದಿಯ ವಿಗ್ರಹ ಒಡೆದ, ಶಿಲಾಸಮಾಧಿ ಬಗೆದ ಸುದ್ದಿ ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಅಂಥ ಕಡೆ ಕದ್ದ ವಸ್ತುವಿಗಿಂತ ದೊಡ್ಡ ನಷ್ಟ ಕಲಸಿಹೋದ ಪದರದ್ದು. ವಸ್ತು ಎಂದಾದರೂ ವಾಪಸ್ ಬರಬಹುದು, ಪದರ ಬರುವುದಿಲ್ಲ. ನಿಮ್ಮೂರಿನಲ್ಲಿ ಇಂಥದ್ದು ಕಂಡರೆ ನೀವೇ ಎದುರು ಹೋಗದೆ ಪೊಲೀಸರಿಗೆ, ತಹಶೀಲ್ದಾರರಿಗೆ ತಿಳಿಸಿ.

ಮೇಷ್ಟ್ರಿಗೂ ಮನೆಯವರಿಗೂ

ಶಾಲಾ ಪ್ರವಾಸದಲ್ಲಿ ಒಂದೇ ದಿನಕ್ಕೆ ಐದು ಗುಡಿ ತೋರಿಸುವ ಬದಲು, ಒಂದೇ ಗುಡಿಯಲ್ಲಿ ಅರ್ಧ ದಿನ ಕೂರಿಸಿ ನಕ್ಷೆ ಬರೆಸಿ ನೋಡಿ. ಯಾರಿಗೆ ಒಲವಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಮನೆಯವರು ‘ಬೇಡ’ ಎನ್ನುವ ಮೊದಲು ಮಗ ಅಥವಾ ಮಗಳಿಂದ ಮೂರು ವಿಷಯ ಬರೆಸಿಕೊಳ್ಳಲಿ: ಯಾವ ದಾರಿಯಿಂದ ಹೋಗುತ್ತೀಯ, ಜತೆಗೆ ಯಾವ ಕೈಕಸುಬು ಕಲಿಯುತ್ತೀಯ, ಕಾಯಂ ಕೆಲಸ ಸಿಗುವವರೆಗೆ ಹೇಗೆ ಬದುಕುತ್ತೀಯ. ಮೂರಕ್ಕೂ ನೆಟ್ಟಗೆ ಉತ್ತರ ಬಂದರೆ ಆ ಮಗುವನ್ನು ತಡೆಯಲು ಕಾರಣವಿಲ್ಲ. ಉತ್ತರ ಬಾರದಿದ್ದರೆ ಮೇಲಿನ ಆರು ಹೆಜ್ಜೆಯ ಅಭ್ಯಾಸ ಮುಗಿಸಿ ಬರಲಿ. ಆ ಎರಡು ಪುಟ ಬರೆಯುವಾಗ ಬೇಸರ ಬಂದವರು ಬೇರೆ ವೃತ್ತಿ ನೋಡಿಕೊಳ್ಳಬಹುದು. ಮೂರನೆಯ ಪುಟ ಬೇಕೆನ್ನಿಸಿದವರು ಮೇ ತಿಂಗಳೊಳಗೆ ಪ್ರವೇಶದ ಅರ್ಜಿಗಳ ವಿಚಾರಣೆ ಶುರು ಮಾಡಬೇಕು.